ಬೀಗರ ಎಲೆ

"ಮೇಷ್ಟ್ರೇ, ಬಟನ್ ಎಲ್ಲಿದ್ದರೇನು? ಒತ್ತಿದಾಗ ಕೆಲಸ ಮಾಡಿದರೆ ಸಾಲದೇ?" ಎಂದು ಮುಕುಂದ ಕೇಳಿದ. ಅವನು ಕಂಪ್ಯೂಟರಿನ ವಿಂಡೋಗಳನ್ನು ರಚಿಸಲು ಕಲಿಯುತ್ತಿದ್ದ. ಆ ದಿನ ಕೆಳಗಿನ ಚೌಕಟ್ಟಿನಲ್ಲಿದ್ದ 'ಉಳಿಸು' ಬಟನ್ನನ್ನು ಕಿತ್ತು, ಬಣ್ಣ ಒಪ್ಪುತ್ತದೆಂದು ಮೇಲಿನ ಚೌಕಟ್ಟಿನಲ್ಲಿ ಕೂರಿಸಿದ್ದ. ಅದರ ಹಳೆಯ ಜಾಗಕ್ಕೆ 'ಅಳಿಸು' ಬಂದಿತ್ತು.

ಮೇಷ್ಟ್ರು ನಕ್ಕರು. ಮುಕುಂದನ ಮೇಲೆ ಅವರಿಗೆ ಪ್ರೀತಿ ಹೆಚ್ಚು, ಆದ್ದರಿಂದ ಬೈಗುಳವೂ ಸ್ವಲ್ಪ ಹೆಚ್ಚು. "ನಿನ್ನ ಹಾಗೇ ಜಾಣನೊಬ್ಬ ಇದ್ದ, ಕೇಳು" ಎಂದರು.

ಒಬ್ಬ ವರ್ತಕನ ಮನೆಯಲ್ಲಿ ಬೀಗರ ಔತಣ. ಸೊಸೆಯ ತಂದೆ ಮೊದಲ ಸಲ ಮಗಳ ಮನೆಗೆ ಬಂದಿದ್ದರು. ಅವರ ಕಣ್ಣು ಮಂಜಾಗಿ ವರ್ಷವಾಗಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ಗೊತ್ತಾದರೆ ಮಗಳು ಹೊಸ ಮನೆಯಲ್ಲಿ ಮಾತು ಕೇಳಬೇಕಾದೀತು ಎಂಬ ಅಳುಕು. ಊಟದ ಬಗ್ಗೆ ಮಾತ್ರ ಅವರಿಗೆ ಹೆದರಿಕೆಯಿರಲಿಲ್ಲ. ಎಲೆಯ ಎಡತುದಿಗೆ ಉಪ್ಪು, ಪಕ್ಕದಲ್ಲಿ ಉಪ್ಪಿನಕಾಯಿ, ಆಮೇಲೆ ಕೋಸಂಬರಿ, ಪಲ್ಯ, ಬಲಗಡೆ ಕೆಳಗೆ ಪಾಯಸ. ಎಲೆ ದೊಡ್ಡದಿರಲಿ ಚಿಕ್ಕದಿರಲಿ, ಕೈಗೆ ಎಲ್ಲ ಗೊತ್ತು.

ಬಡಿಸಲು ನಿಂತ ಅಡುಗೆಯವನು ಉತ್ಸಾಹಿ. ಬೀಗರ ಎಲೆ ಚೆಂದ ಕಾಣಲಿ ಎಂದು ಬಣ್ಣಕ್ಕೆ ಬಣ್ಣ ಜೋಡಿಸಿ ಬಡಿಸಿದ. ಉಪ್ಪಿನ ಜಾಗಕ್ಕೆ ಪಾಯಸ ಹೋಯಿತು, ಪಾಯಸದ ಜಾಗಕ್ಕೆ ಉಪ್ಪಿನಕಾಯಿ ಬಂತು. ಒಂದು ಪದಾರ್ಥವನ್ನೂ ಬಿಟ್ಟಿರಲಿಲ್ಲ, ಪುಣ್ಯಾತ್ಮ.

ಬೀಗರು ಪಾಯಸವೆಂದು ಬೆರಳಿಟ್ಟು ಬಾಯಿಗೆ ಹಾಕಿಕೊಂಡರು. ಖಾರ ನೆತ್ತಿಗೇರಿತು. ಉಪ್ಪಿಗೆಂದು ಎಡಕ್ಕೆ ಕೈ ಚಾಚಿದರೆ ಪಾಯಸ. ಅಲ್ಲಿಗೆ ಕೈ ನಿಂತಿತು. ಹಸಿವು ಜೋರಾಗಿತ್ತು, ಆದರೆ ತಡಕಾಡಿದರೆ ಗುಟ್ಟು ರಟ್ಟಾಗುತ್ತದೆ. "ಯಾಕೋ ಹಸಿವಿಲ್ಲ, ಏಳ್ತೀನಿ" ಎಂದರು.

ವರ್ತಕನ ಹೆಂಡತಿ ಆ ಕೈಯನ್ನೇ ನೋಡುತ್ತಿದ್ದಳು. ಹತ್ತಿರ ಬಂದು, "ಕೂತ್ಕೊಳ್ಳಿ ಬೀಗರೇ, ನಿಮಗೆ ಹರಿದ ಎಲೆ ಹಾಕಿಬಿಟ್ಟಿದ್ದಾರೆ" ಎಂದಳು. ಬೇರೆ ಎಲೆ ಹಾಕಿ, ಉಪ್ಪಿನಿಂದ ಹಿಡಿದು ತಾನೇ ಕ್ರಮವಾಗಿ ಬಡಿಸಿದಳು. ಬೀಗರ ಬೆರಳು ಎಡತುದಿಯ ಉಪ್ಪನ್ನು ಮುಟ್ಟಿತು. ಮುಖ ಅರಳಿತು. ಎರಡು ಸಲ ಅನ್ನ ಹಾಕಿಸಿಕೊಂಡು ಹೊಟ್ಟೆ ತುಂಬ ಉಂಡರು.

ಅಡುಗೆಯವನು ಒಳಗೆ ಬಂದು ಗೊಣಗಿದ. "ಎಲೆ ಎಲ್ಲೂ ಹರಿದಿರಲಿಲ್ಲವಲ್ಲಮ್ಮ?"

"ಹರಿದಿರಲಿಲ್ಲಪ್ಪ. ಆದ್ರೆ ಅದು ಅವರ ಎಲೆ ಆಗಿರಲಿಲ್ಲ, ನಿನ್ನ ಎಲೆ ಆಗಿತ್ತು" ಎಂದಳು ಆಕೆ.

ಮೇಷ್ಟ್ರು ಕತೆ ನಿಲ್ಲಿಸಿದರು. ಮುಕುಂದ ಸುಲಭಕ್ಕೆ ಸೋಲುವವನಲ್ಲ. "ಬೀಗರು ಒಂದು ಮಾತು ಹೇಳಿದ್ದರೆ ಅಡುಗೆಯವನೇ ಸರಿಯಾಗಿ ಬಡಿಸುತ್ತಿದ್ದನಲ್ಲ, ಮೇಷ್ಟ್ರೇ?" ಎಂದ.

ಮೇಷ್ಟ್ರು ಅವನ ಬೆನ್ನ ಮೇಲೆ ಕೈಯಿಟ್ಟರು.

"ನಿನ್ನ ವಿಂಡೋ ಮುಂದೆ ಕೂತವರೂ ಹೇಳುವುದಿಲ್ಲ ಮಗು, ಹಸಿವಿಲ್ಲ ಅಂತ ಎದ್ದು ಹೋಗುತ್ತಾರೆ."

ಮುಕುಂದ 'ಉಳಿಸು' ಬಟನ್ನನ್ನು ಮತ್ತೆ ಕೆಳಗಿನ ಚೌಕಟ್ಟಿಗೆ ತಂದು ಕೂರಿಸಿದ.