ಹೊಳೆ ಬಿಟ್ಟು ಕಳಿಸಿದ ಮುಖ

ಕರಿಸಿದ್ಧಜ್ಜ ಹೊಳೆದಂಡೆಯ ಮಠದ ಗುರು. ಅವರು ಪ್ರವಚನಕ್ಕೆ ಕೂತರೆ ಮೊಸಳೆಗಳು ಮರಿಗಳನ್ನು ಕಟ್ಟಿಕೊಂಡು ದಂಡೆಗೆ ಬಂದು, ಮಂಗಳವಾಗುವ ತನಕ ಬಾಯಿ ತೆರೆಯದೆ ಕೇಳುತ್ತಿದ್ದವು. ನಂಬದವರು ಹೋಗಿ ಮೊಸಳೆಯನ್ನೇ ಕೇಳಲಿ.

ಅಂಥ ಅಜ್ಜನಿಗೂ ಮುಪ್ಪು ಬಂತು. ಕಾಲು ಸೋತವು. ಮಠದಲ್ಲಿ ಉಳಿದ ಶಿಷ್ಯನೆಂದರೆ ಅಡಿವೆಪ್ಪ ಒಬ್ಬನೇ. ನೀರು ತರುವವನೂ ಅವನೇ, ಗಂಟೆ ಬಾರಿಸುವವನೂ ಅವನೇ, ಅಜ್ಜನನ್ನು ಎತ್ತಿ ಕೂರಿಸುವವನೂ ಅವನೇ. ಅವನ ಬೆನ್ನಿಗೂ ಸಾಕಾಗಿತ್ತು.

ಒಂದು ಮಧ್ಯಾಹ್ನ ನೀಲಗಂಗವ್ವನ ಮಗಳು ಅಡಿವೆಪ್ಪನಿಗೆ ಫೋನ್ ಮಾಡಿದಳು. ನೀಲಗಂಗವ್ವ ಮಠದ ದಾಸೋಹಕ್ಕೆ ಆಯುಷ್ಯವೆಲ್ಲ ರೊಟ್ಟಿ ಬಡಿದವಳು. ಆ ಸಪ್ಪಳ ಕೇಳಿ ಆಚೆ ದಂಡೆಯವರು ಗುಡುಗೆಂದು ತಿಳಿದು, ಒಣಹಾಕಿದ ಕಾಳನ್ನು ಒಳಗೆ ಎಳೆದುಕೊಳ್ಳುತ್ತಿದ್ದರು. ಈಗ ದೂರದ ಊರಲ್ಲಿ, ಮಗಳ ಮನೆಯಲ್ಲಿ ಹಾಸಿಗೆ ಹಿಡಿದಿದ್ದಳು.

“ಅವ್ವ ಇವತ್ತೋ ನಾಳೆಯೋ ಅನ್ನಂಗ ಅದಾಳ್ರಿ ಅಣ್ಣಾರ. ಅಜ್ಜಾರ ಮಾರಿ ಒಮ್ಮೆ ನೋಡಬೇಕಂತಾಳ.”

ದಂಡೆಗೆ ಸಿಗ್ನಲ್ಲು ಬರುವುದೇ ಕುಂಟುತ್ತ. ವಿಡಿಯೊ ಕಾಲ್ ಹಚ್ಚಿದರೆ ‘ಹಲೋ’ ಅನ್ನುವಷ್ಟರಲ್ಲಿ ಸಾಯುತ್ತಿತ್ತು. ವಿಡಿಯೊ ತೆಗೆದು ಕಳಿಸುವುದೊಂದೇ ದಾರಿ.

ಅಡಿವೆಪ್ಪ ಅಜ್ಜನನ್ನು ಹೊತ್ತು ತಂದು, ಹೊಳೆ ಬೆನ್ನಿಗೆ ಬರುವಂತೆ ಕೂರಿಸಿದ. ನೀರು ಬೆಳ್ಳಿ ಕುದ್ದಂತೆ ಥಳಥಳ ಹೊಳೆಯುತ್ತಿತ್ತು. ಅಜ್ಜ ಪ್ರವಚನ ಹೇಳಿದರು. ಅಡಿವೆಪ್ಪ ಕೈಯಲ್ಲೇ ಫೋನ್ ಹಿಡಿದು ತೆಗೆದ.

ವಿಡಿಯೊ ಆನೆಯಷ್ಟಾಯಿತು. ಹೋಗಲೊಲ್ಲದು.

“ಹಿಂಡಿ ಸಣ್ಣದು ಮಾಡ್ತೇನ್ರಿ,” ಎಂದ ಅಡಿವೆಪ್ಪ. ಹಿಂಡಿದ. ಕಳಿಸಿದ.

ಮಗಳು ಹೇಳಿದಳು: “ಬಂತ್ರಿ ಅಣ್ಣಾರ. ಆದ್ರ ತೆರೀವಲ್ದು.”

“ಯಾಕೋ?” ಎಂದರು ಅಜ್ಜ.

“ವಿಡಿಯೊ ತುಂಬಿ ಕಳಸೋ ಎಂಪಿಫೋರ್ ಅಂಬೋದು ಬರೇ ಚೀಲರಿ ಅಜ್ಜಾರ. ಒಳಗ ಹಿಂಡೋ ಪದ್ಧತಿ ಬ್ಯಾರೆ ಬ್ಯಾರೆ. ನಾ ಹೊಸಾ ಎಚ್ 265ರಾಗ ಹಿಂಡಿದ್ದೆ. ಅದು ಭಾಳ ಸಣ್ಣ ಮಾಡ್ತೈತಿ. ಅವರ ಫೋನು ಹಳೇದು, ಬಿಚ್ಚಾಕ ಬರೂದಿಲ್ಲ. ಹಳೇ ಎಚ್ 264ರಾಗ ಹಿಂಡಿದ್ರ ಬಿಚ್ಚತೈತ್ರಿ.”

“ಹಿಂಡು ಹಂಗಾರ.”

ಹಳೆಯ ಪದ್ಧತಿಯಲ್ಲಿ ಅಷ್ಟೇ ಸಣ್ಣದಾಗಲಿ ಎಂದು ಅಡಿವೆಪ್ಪ ಜೀವ ಹೋಗುವಂತೆ ಹಿಂಡಿದ. ಕಳಿಸುವ ಮೊದಲು ಅಜ್ಜನಿಗೆ ತೋರಿಸಿದ.

ಅಜ್ಜ ಕಣ್ಣು ಕಿರಿದು ಮಾಡಿ ನೋಡಿದರು. “ಇದ್ಯಾರೋ? ಚೌಕ ಚೌಕ ಬರ್ಫಿ ಕೊಯ್ದಿಟ್ಟಂಗ ಅದಾನಲ್ಲ!”

“ನೀವ ರೀ ಅದು.”

“ಆಕಿ ಹೆದರಿ ಈಗ ಹೋಗಿಬಿಡ್ತಾಳ.”

ಅಡಿವೆಪ್ಪ ತಲೆಯ ಮೇಲೆ ಕೈ ಹೊತ್ತು ಕೂತ. ಹೊತ್ತು ಇಳಿಯುತ್ತಿತ್ತು. ಅಲ್ಲಿ ಆಕೆಯ ಉಸಿರೂ ಇಳಿಯುತ್ತಿರಬೇಕು.

“ಅಲ್ಲೋ, ಹಿಂಡುವಾಗ ಅದು ಏನ ಇಟ್ಕೋತೈತಿ, ಏನ ಬಿಡ್ತೈತಿ?” ಎಂದರು ಅಜ್ಜ.

“ಮೊದಲ ಒಂದ ಚಿತ್ರ ಪೂರಾ ಬರ್ಕೋತೈತ್ರಿ. ಆಮ್ಯಾಲ ಬದಲಾಗಿದ್ದಷ್ಟ ಬರೀತೈತಿ. ಬದಲಾಗದ್ದಕ್ಕ ‘ಮೊದಲಿನಂಗ’ ಅಂತ ಹೇಳಿ ಸುಮ್ಮನಾಗ್ತೈತಿ. ನಡುವ ನಡುವ ಮತ್ತೊಂದ ಪೂರಾ ಚಿತ್ರ.”

ಅಜ್ಜ ತಿರುಗಿ ಹೊಳೆಯನ್ನು ನೋಡಿದರು. ಅಲೆಯ ಮೇಲೆ ಅಲೆ. ಒಂದರಂತೆ ಇನ್ನೊಂದಿಲ್ಲ.

“ನನ್ನ ಎತ್ತು,” ಎಂದರು.

“ಎಲ್ಲಿಗ್ರಿ?”

“ಆ ಗ್ವಾಡಿಗೆ.”

“ಅಜ್ಜಾರ, ಬೋಳು ಗ್ವಾಡಿ ಅದು. ಚಂದ ಕಾಣೂದಿಲ್ರಿ. ಹೊಳಿ ಎಷ್ಟ ಚಂದ ಬಂದಿತ್ತು!”

“ನಿನ್ನ ಮಿಷಿನ್ ಬಡಪಾಯಿ. ಕೊಟ್ಟ ಜಾಗಾ ಗೇಣಷ್ಟು. ಅಷ್ಟ್ರಾಗ ಹೊಳಿ ಅಲಿ ಎಲ್ಲಾ ಬರ್ಯಾಕ ಹೋಗಿ, ನನ್ನ ಮಾರಿಗೆ ಏನೂ ಉಳಿಸಲಿಲ್ಲ ಅದು. ಎತ್ತು.”

ಅಡಿವೆಪ್ಪ ಎತ್ತಿದ. ಸುಣ್ಣದ ಗೋಡೆಗೆ ಒರಗಿಸಿ ಕೂರಿಸಿದ. ಫೋನನ್ನು ಕೈಯಲ್ಲಿ ಹಿಡಿಯಹೋದ.

“ನಿನ್ನ ಕೈ ನಡುಗತಾವ. ನೀ ನಡುಗಿದ್ರ ಗ್ವಾಡಿನೂ ನಡುಗತೈತಿ. ಕೊಡಕ್ಕ ಆನಿಸಿಡು.”

ತಾಮ್ರದ ಕೊಡಕ್ಕೆ ಫೋನ್ ಆನಿಸಿಟ್ಟ. “ಪ್ರವಚನ ಶುರು ಮಾಡ್ರಿ.”

ಅಜ್ಜ ಶುರು ಮಾಡಲಿಲ್ಲ. ಮೊಸಳೆಗಳ ಬಾಯಿ ಮುಚ್ಚಿಸಿದ ಮನುಷ್ಯ ತನ್ನ ಬಾಯಿಯನ್ನೂ ಮುಚ್ಚಿಕೊಂಡು ಕೂತರು. ಗೋಡೆ ಅಲುಗಲಿಲ್ಲ, ಅಜ್ಜನೂ ಅಲುಗಲಿಲ್ಲ. ಕೊನೆಗೊಮ್ಮೆ “ನೀಲಗಂಗಾ” ಎಂದರು. ಮೆಲ್ಲಗೆ ಕೈ ಎತ್ತಿದರು. ಇಳಿಸಿದರು.

“ಸಾಕು.”

ಎಚ್ 264ರಲ್ಲೇ ಹಿಂಡಿದ. ಆನೆಯಂಥದ್ದು ಇರುವೆಯಷ್ಟಾಯಿತು. ಆದರೆ ಮುಖ ಮುಖವಾಗಿಯೇ ಉಳಿದಿತ್ತು. ಹುಬ್ಬಿನ ಬಿಳಿಕೂದಲು ಎಣಿಸಬಹುದಿತ್ತು. ಕುಂಟು ಸಿಗ್ನಲ್ಲು ಅದನ್ನು ಹೆಗಲ ಮೇಲೆ ಹಾಕಿಕೊಂಡು ಹೋಯಿತು.

ಇಬ್ಬರೂ ಕಾದರು. ಅಜ್ಜನ ಕಣ್ಣು ಎಳೆಯುತ್ತಿದ್ದವು.

ಫೋನ್ ಬಡಿದುಕೊಂಡಿತು. ಮಗಳು ಅಳುತ್ತಿದ್ದಳು, ನಗುತ್ತಲೂ ಇದ್ದಳು. “ತೆರೀತ್ರಿ ಅಣ್ಣಾರ. ಅವ್ವ ಕಣ್ಣತುಂಬ ನೋಡಿದ್ಲು.”

“ಏನಂದ್ಲವ್ವಾ?” ಎಂದ ಅಡಿವೆಪ್ಪ.

“ನಿಮ್ಮನ್ನ ಬೈದ್ಲು.”

“ನನ್ನ?”

“‘ಅಜ್ಜಾರ ಭಾಳ ದಣಿದಾರ. ಎತ್ತಿ ಇಳಿಸಿ ಮಾತಾಡ್ಸೂದು ಸಾಕು ಮಾಡಂತ ಹೇಳು ಆ ಅಡಿವೆಪ್ಪಗ. ಮಲಗಿಸಂತ ಹೇಳು’ ಅಂದ್ಲು. ಅಷ್ಟಂದು ತಾನೂ ಮಲಗ್ಯಾಳ. ಉಸಿರು ಸಮಾಧಾನ ಐತಿ.”

ಅಡಿವೆಪ್ಪ ಫೋನ್ ಕೆಳಗಿಟ್ಟ. ಅಜ್ಜನ ಕಡೆ ತಿರುಗಿದ. ಕಣ್ಣಿನ ಕೆಳಗೆ ಗುಳಿ. ಕುತ್ತಿಗೆಯಲ್ಲಿ ತಲೆ ಹೊರುವಷ್ಟೂ ಬಲವಿಲ್ಲ. ಅದು ಇವತ್ತು ಬಂದ ದಣಿವಲ್ಲ.

ಚಾಪೆ ಹಾಸಿದ. ಅಜ್ಜನನ್ನು ಮಲಗಿಸಿದ. ಕಾಲ ಬಳಿ ಕೂತ.

“ಅಜ್ಜಾರ, ಅಷ್ಟ ದೂರದಾಗ ಇರೋ ಆಕಿಗೆ ಕಂಡದ್ದು, ಬಾಜೂಕ ಇರೋ ನನಗ್ಯಾಕ ಕಾಣಲಿಲ್ಲ?”

ಅಜ್ಜ ಗೋಡೆಯ ಕಡೆ ಮಗ್ಗುಲಾದರು.

“ನೀ ದಿನಾ ನೋಡ್ತಿಯಲ್ಲೋ.”