ಗುಡ್ಡದ ಶಾಲೆಯ ಹದಿನಾಲ್ಕು ಮಂದಿ

ಶಿಷ್ಯನೊಬ್ಬ ಗುರುಗಳ ಮುಂದೆ ಕುಳಿತು ಕೇಳಿದ: “ಗುರುಗಳೇ, ಒಂದು ಶಾಲೆಯನ್ನು ಉಳಿಸಬೇಕೋ ಮುಚ್ಚಬೇಕೋ ಎಂದು ತೀರ್ಮಾನಿಸುವುದು ಹೇಗೆ?”

ಮಠ ನಡೆಸುತ್ತಿದ್ದ ಐದು ಶಾಲೆಗಳ ಆಡಳಿತವನ್ನು ಗುರುಗಳು ಆ ವರ್ಷ ಅವನಿಗೆ ವಹಿಸಿದ್ದರು. ಅವನು ಶ್ರದ್ಧೆಯುಳ್ಳವನು. ಎರಡು ತಿಂಗಳಲ್ಲಿ ಎಲ್ಲ ಕಾಗದಪತ್ರಗಳನ್ನೂ ಓದಿ ಮುಗಿಸಿದ್ದ. ಐದರಲ್ಲಿ ಒಂದು ಶಾಲೆ ಮಠಕ್ಕೆ ಭಾರ ಎಂಬ ನಿರ್ಣಯಕ್ಕೂ ಬಂದಿದ್ದ. ಗುರುಗಳ ಒಪ್ಪಿಗೆಯೊಂದೇ ಬಾಕಿ ಇತ್ತು.

ಗುರುಗಳು ಹೂಂ ಎನ್ನಲಿಲ್ಲ, ಬೇಡವೆನ್ನಲೂ ಇಲ್ಲ. “ಕೇಳು” ಎಂದು ಈ ಕತೆ ಹೇಳಿದರು.

ಒಂದು ಸೀಮೆಯಲ್ಲಿ ನಾಲ್ಕು ಪ್ರೌಢಶಾಲೆಗಳಿದ್ದವು. ಸುತ್ತಣ ಇಪ್ಪತ್ತು ಹಳ್ಳಿಗಳಿಗೆ ಆ ನಾಲ್ಕೇ ಗತಿ. ಹಿಂದಿನವರು ಕೂಡಿ ಕಟ್ಟಿದ ಒಂದು ಮಂಡಳಿ ಅವುಗಳನ್ನು ನಡೆಸುತ್ತಿತ್ತು. ಒಂದು ಶಾಲೆ ಪೇಟೆಯಲ್ಲಿ, ಒಂದು ಕೆರೆಯ ಹತ್ತಿರ, ಒಂದು ಹೆದ್ದಾರಿಯ ಪಕ್ಕದಲ್ಲಿ. ನಾಲ್ಕನೆಯದು ಪೇಟೆಯಿಂದ ಒಂದೂವರೆ ಹರದಾರಿ ದೂರ, ಗುಡ್ಡದ ಮೇಲೆ. ಅಲ್ಲಿಗೆ ಬಸ್ಸು ಹೋಗುತ್ತಿರಲಿಲ್ಲ.

ಮಂಡಳಿಯ ಅಧ್ಯಕ್ಷ ತೀರಿಕೊಂಡಾಗ ಊರವರು ಒಬ್ಬ ಕಾಳಿನ ವ್ಯಾಪಾರಿಯನ್ನು ಆ ಜಾಗಕ್ಕೆ ಕೂರಿಸಿದರು. ಅವನು ಏಳನೆಯ ತರಗತಿಗೇ ಶಾಲೆ ಬಿಟ್ಟವನು. ಆದರೆ ಕೊಟ್ಟ ಮಾತಿಗೆ ತಪ್ಪದವನು, ಇನ್ನೊಬ್ಬರ ಗಂಟಿಗೆ ಕೈಹಾಕದವನು ಎಂದು ಹೆಸರಾಗಿದ್ದ. ‘ನನಗೆ ಅಕ್ಷರದ ಆಡಳಿತ ತಿಳಿಯದು’ ಎಂದು ಅವನು ಹಿಂಜರಿದ. ‘ಅಂಗಡಿ ನಡೆಸಿದ ಹಾಗೆ ನಡೆಸು, ಸಾಕು’ ಎಂದರು ಹಿರಿಯರು.

ಅವನು ಹಾಗೆಯೇ ನಡೆಸಿದ. ಎರಡು ತಿಂಗಳು ತಡವಾಗುತ್ತಿದ್ದ ಶಿಕ್ಷಕರ ಸಂಬಳ ಒಂದನೆಯ ತಾರೀಖಿಗೆ ಬರತೊಡಗಿತು. ಕೆರೆ ಶಾಲೆಯ ಸೋರುವ ಚಾವಣಿಗೆ ಹೊಸ ತಗಡು ಬಿತ್ತು. ಸಭೆಗೆ ಬರುವ ಸದಸ್ಯರ ಊಟ, ಬಾಡಿಗೆ ಕಾರು ಎರಡೂ ನಿಂತವು. ಅಧ್ಯಕ್ಷ ತನ್ನ ಚಹಾವನ್ನು ತನ್ನ ಅಂಗಡಿಯಿಂದಲೇ ತರಿಸಿಕೊಂಡ. ಮಂಡಳಿಯಲ್ಲಿ ಅಷ್ಟು ಚೊಕ್ಕ ಕೈಯನ್ನು ಜನ ಹಿಂದೆ ಕಂಡಿರಲಿಲ್ಲ.

ಮೊದಲ ವರ್ಷದ ವಾರ್ಷಿಕೋತ್ಸವದಲ್ಲಿ ಅವನು ಎದ್ದು ನಿಂತು ಒಂದೇ ಮಾತು ಆಡಿದ: ‘ಹತ್ತನೆಯ ತರಗತಿಯಲ್ಲಿ ಯಾವ ಶಾಲೆ ನೂರಕ್ಕೆ ನೂರು ತರುತ್ತದೋ ಆ ಶಾಲೆಗೆ ಮೊದಲು ಹೊಸ ಕೋಣೆ.’ ಜನ ಚಪ್ಪಾಳೆ ತಟ್ಟಿದರು.

ಮರುವರ್ಷ ಪೇಟೆ ಶಾಲೆ ನೂರು ತಂದಿತು. ಅದರ ಮರುವರ್ಷ ಕೆರೆ ಶಾಲೆಯೂ ಹೆದ್ದಾರಿ ಶಾಲೆಯೂ ತಂದವು. ವ್ಯಾಪಾರಿ ಮೂವರು ಮುಖ್ಯೋಪಾಧ್ಯಾಯರಿಗೂ ತಾನೇ ಶಾಲು ಹೊದಿಸಿದ. ಗುಡ್ಡದ ಶಾಲೆ ಮಾತ್ರ ವರ್ಷ ವರ್ಷಕ್ಕೆ ಕೆಳಗಿಳಿಯಿತು. ಅರವತ್ತು ಇದ್ದದ್ದು ಐವತ್ತಾಯಿತು, ಮೂವತ್ತೆಂಟಾಯಿತು.

ಆಗ ಸರ್ಕಾರದಿಂದ ಒಂದು ಆದೇಶ ಬಂತು. ಮಂಡಳಿಯ ಯಾವುದೇ ಒಂದು ಶಾಲೆಯ ಫಲಿತಾಂಶ ಅರ್ಧಕ್ಕಿಂತ ಕೆಳಗಿದ್ದರೂ ಇಡೀ ಮಂಡಳಿಯ ಅನುದಾನದಲ್ಲಿ ಕಾಲು ಪಾಲು ಕಡಿತ. ಸಭೆ ಸೇರಿತು. ಸದಸ್ಯರು ನಾಲ್ವರು, ಅಧ್ಯಕ್ಷ ಒಬ್ಬ.

‘ಒಂದು ವೀಳ್ಯದೆಲೆ ಕೊಳೆತರೆ ಇಡೀ ಕವಳಿಗೆಯೇ ಕೆಡುತ್ತದೆ. ಅದನ್ನು ಕಿತ್ತು ಹಾಕೋಣ’ ಎಂದ ಒಬ್ಬ ಸದಸ್ಯ. ಅಲ್ಲಿಯ ಮಕ್ಕಳನ್ನು ಉಳಿದ ಮೂರು ಶಾಲೆಗಳಿಗೆ ಹಂಚಿದರಾಯಿತು ಎಂದ ಇನ್ನೊಬ್ಬ. ಯಾರೂ ಎದುರಾಡಲಿಲ್ಲ. ವ್ಯಾಪಾರಿಗೂ ಅದು ಸರಿಯೆಂದೇ ತೋರಿತು. ನಷ್ಟದ ಅಂಗಡಿಯನ್ನು ಅವನು ಎಷ್ಟೋ ಸಲ ಮುಚ್ಚಿದ್ದ.

ಶಾಲೆ ಮುಚ್ಚುವ ಪತ್ರ ಸಿದ್ಧವಾಯಿತು. ಗುಮಾಸ್ತ ಅದನ್ನು ಅಂಚೆಗೆ ಹಾಕಲು ಹೊರಟ. ವ್ಯಾಪಾರಿ ತಡೆದ. ಯಾರನ್ನಾದರೂ ಕೆಲಸದಿಂದ ಬಿಡಿಸುವುದಿದ್ದರೆ ಆ ಮಾತನ್ನು ಅವನು ಎಂದೂ ಬೇರೆಯವರ ಬಾಯಿಂದ ಹೇಳಿಸಿದವನಲ್ಲ. ಮರುದಿನ ಬೆಳಿಗ್ಗೆ ಪತ್ರವನ್ನು ಜೇಬಿನಲ್ಲಿಟ್ಟುಕೊಂಡು ಗುಡ್ಡದ ದಾರಿ ಹಿಡಿದ. ಅಧ್ಯಕ್ಷನಾಗಿ ನಾಲ್ಕು ವರ್ಷವಾಗಿತ್ತು. ಆ ಶಾಲೆಗೆ ಅವನು ಹೋಗುತ್ತಿದ್ದುದು ಅದೇ ಮೊದಲು.

ಅರ್ಧ ದಾರಿಯಲ್ಲಿ ಒಬ್ಬ ಹುಡುಗಿ ಅವನನ್ನು ದಾಟಿ ಮುಂದೆ ಹೋದಳು. ಬೆನ್ನಿಗೆ ಚೀಲ, ಕಾಲಲ್ಲಿ ಸವೆದ ಚಪ್ಪಲಿ. ಹತ್ತು ಹೆಜ್ಜೆ ಹೋದವಳು ತಿರುಗಿ ನಿಂತು ನಮಸ್ಕಾರ ಮಾಡಿದಳು.

‘ಯಾರ ಮಗಳವ್ವಾ ನೀನು?’

‘ನಿಮ್ಮ ಅಂಗಡ್ಯಾಗ ಹಮಾಲಿ ಮಾಡ್ತಾನಲ್ರಿ ಯಮನಪ್ಪ, ಅವನ ಮಗಳರಿ. ನೀಲವ್ವ.’

ಯಮನಪ್ಪ ಅವನ ಅಂಗಡಿಯಲ್ಲಿ ಹನ್ನೆರಡು ವರ್ಷದಿಂದ ಚೀಲ ಹೊರುತ್ತಿದ್ದ. ಅವನಿಗೆ ಮಗಳಿದ್ದಾಳೆಂಬುದು ವ್ಯಾಪಾರಿಗೆ ತಿಳಿದಿರಲಿಲ್ಲ.

‘ಪ್ಯಾಟಿ ಸಾಲಿ ನಿಮ್ಮ ಮನಿ ಹಿಂದನ ಐತಲ್ಲ? ಇಷ್ಟು ದೂರ ಯಾಕ ಬರ್ತಿ?’

‘ಮೊದಲ ಅಲ್ಲೇ ಇದ್ದೆರಿ. ಒಂಬತ್ತನೇತ್ತ ಆದ ಮ್ಯಾಲೆ ಅಪ್ಪನ್ನ ಕರೆಸಿ ನನ್ನ ಸರ್ಟಿಫಿಕೇಟ್ ಕೊಟ್ಟು ಕಳಿಸಿದ್ರು. ನಾ ಪರೀಕ್ಷಾಕ್ಕ ಕುಂತ್ರ ನೂರು ಆಗೂದಿಲ್ಲಂತ್ರಿ.’

ಅವಳ ಮಾತಿನಲ್ಲಿ ದೂರು ಇರಲಿಲ್ಲ. ಈ ದಾರಿಗೆ ಬಸ್ಸಿಲ್ಲ ಎನ್ನುವಷ್ಟು ಸಹಜವಾಗಿ ಹೇಳಿ, ಗಂಟೆ ಹೊಡೆಯುವ ಹೊತ್ತಾಯಿತೆಂದು ಓಡಿದಳು. ವ್ಯಾಪಾರಿ ಗುಡ್ಡ ಹತ್ತಿದ.

ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿ ಒಂದೇ ಕೋಣೆಯಲ್ಲಿ ಎರಡು ತರಗತಿಗಳನ್ನು ಕೂರಿಸಿಕೊಂಡು ಪಾಠ ಮಾಡುತ್ತಿದ್ದಳು. ಅವನು ಪತ್ರ ತೆಗೆಯಲಿಲ್ಲ. ಮಕ್ಕಳ ದಾಖಲಾತಿ ಪುಸ್ತಕ ಕೇಳಿದ. ಹತ್ತನೆಯ ತರಗತಿಯಲ್ಲಿ ಹದಿನೆಂಟು ಹೆಸರುಗಳಿದ್ದವು. ಪ್ರತಿ ಹೆಸರಿನ ಮುಂದೆ ಹಿಂದಿನ ಶಾಲೆ ಬರೆದಿತ್ತು. ಅವನು ಬೆರಳಿಟ್ಟು ಎಣಿಸಿದ. ನಾಲ್ವರು ಗುಡ್ಡದವರು. ಉಳಿದ ಹದಿನಾಲ್ಕು ಮಂದಿ ಅವನೇ ಶಾಲು ಹೊದಿಸಿದ ಮೂರು ಶಾಲೆಗಳಿಂದ ಬಂದವರು.

‘ಬಾಯಾರ, ಇದನ್ನ ಮಂಡಳಿಗೆ ಯಾಕ ತಿಳಿಸಲಿಲ್ಲ?’ ಎಂದು ಕೇಳಿದ. ದನಿ ಸ್ವಲ್ಪ ಏರಿತ್ತು.

ಅವಳು ಕಪಾಟಿನಿಂದ ಮಂಡಳಿಯಿಂದ ಮರಳಿ ಬಂದಿದ್ದ ಮೂರು ಪತ್ರಗಳನ್ನು ತಂದು ಮೇಜಿನ ಮೇಲಿಟ್ಟಳು. ವರ್ಷಕ್ಕೊಂದು. ಮಕ್ಕಳನ್ನು ಬೇರೆ ಶಾಲೆಗಳಿಂದ ಹೊರಗೆ ಕಳಿಸುತ್ತಿದ್ದಾರೆ, ಅವರು ಇಲ್ಲಿಗೆ ಬರುತ್ತಿದ್ದಾರೆ, ಲೆಕ್ಕಕ್ಕೆ ಒಬ್ಬ ಶಿಕ್ಷಕ ಬೇಕು ಎಂದು ಮೂರರಲ್ಲೂ ಬರೆದಿದ್ದಳು. ಮೂರರ ಅಂಚಿನಲ್ಲೂ ‘ಸದ್ಯಕ್ಕೆ ಹಣವಿಲ್ಲ’ ಎಂಬ ಷರಾ ಇತ್ತು. ಕೆಳಗೆ ಅವನದೇ ಸಹಿ.

ಶಿಕ್ಷಕ ಬೇಕು ಎಂಬ ಕೊನೆಯ ಸಾಲನ್ನು ಮಾತ್ರ ಓದಿ ಸಹಿ ಮಾಡಿದ್ದು ಅವನಿಗೆ ಈಗ ನೆನಪಾಯಿತು. ಯಾರನ್ನೂ ಹೊರಗೆ ಹಾಕಿ ಎಂದು ಅವನು ಹೇಳಿರಲಿಲ್ಲ. ನೂರು ತನ್ನಿ ಎಂದಿದ್ದ. ನೂರು ಹೇಗೆ ಬಂತು ಎಂದು ಒಮ್ಮೆಯೂ ಕೇಳಿರಲಿಲ್ಲ. ಅಂಗಡಿಯಲ್ಲಾದರೆ ಒಂದು ಚೀಲ ತೊಗರಿ ಕಡಿಮೆ ಬಿದ್ದರೂ ಎಲ್ಲಿ ಹೋಯಿತೆಂದು ಮೂಲೆ ಮೂಲೆ ಹುಡುಕಿಸುತ್ತಿದ್ದ. ಇಲ್ಲಿ ತರಗತಿಗಳಿಂದ ಮಕ್ಕಳೇ ಕಡಿಮೆಯಾಗಿದ್ದರು. ಅವನು ಶಾಲು ಹೊದಿಸಿದ್ದ.

ಪತ್ರವನ್ನು ಕೊಡದೆಯೇ ಅವನು ಗುಡ್ಡ ಇಳಿದ. ಆದರೂ ಮನಸ್ಸು ಗಟ್ಟಿಯಾಗಿರಲಿಲ್ಲ. ಕಾಲು ಪಾಲು ಅನುದಾನವೆಂದರೆ ಹನ್ನೊಂದು ಮಂದಿ ಶಿಕ್ಷಕರ ಸಂಬಳ. ಅವರ ಮನೆಗಳಲ್ಲೂ ಮಕ್ಕಳಿದ್ದಾರೆ. ಒಂದು ಶಾಲೆಗಾಗಿ ಮೂರು ಶಾಲೆಗಳನ್ನು ಬಡವಾಗಿಸುವುದು ಯಾವ ನ್ಯಾಯ ಎಂದು ಅವನಿಗೇ ಅನಿಸಿತು.

ಮರುದಿನ ಅಂಗಡಿಯಲ್ಲಿ ಯಮನಪ್ಪ ಚೀಲ ಹೊತ್ತು ಒಳಗೆ ಬಂದ. ವ್ಯಾಪಾರಿ ಸುಮ್ಮನೆ ಕೇಳಿದ: ‘ಮಗಳು ಹ್ಯಾಂಗ ಓದ್ತಾಳೋ?’

ಯಮನಪ್ಪ ಚೀಲ ಇಳಿಸಿದ. ಹನ್ನೆರಡು ವರ್ಷದಲ್ಲಿ ಧಣಿ ಆ ಮಾತು ಕೇಳಿದ್ದಿಲ್ಲ. ಎರಡೂ ಕೈ ಜೋಡಿಸಿ, ‘ಅಲ್ಲಿಂದನೂ ತಗಿತೀರೇನ್ರೀ ಸಾವ್ಕಾರ್ರ?’ ಎಂದ.

ಜನ ತನಗೆ ಹೆದರಬಹುದೆಂದು ವ್ಯಾಪಾರಿ ಎಂದೂ ಅಂದುಕೊಂಡವನಲ್ಲ. ‘ಇಲ್ಲೋ’ ಎಂದ. ಆ ಮಾತು ಬಂದ ಮೇಲೆ ಅದಕ್ಕೆ ತಪ್ಪುವಂತಿರಲಿಲ್ಲ.

ಅವನು ಮತ್ತೆ ಸಭೆ ಕರೆದ. ಗುಡ್ಡದ ಶಾಲೆ ಮುಚ್ಚುವುದಿಲ್ಲ ಎಂದ. ಪೇಟೆ ಶಾಲೆಯ ಇಬ್ಬರು ಲೆಕ್ಕದ ಶಿಕ್ಷಕರಲ್ಲಿ ಒಬ್ಬರು ನಾಳೆಯಿಂದ ಗುಡ್ಡಕ್ಕೆ ಹೋಗಬೇಕು ಎಂದ. ಇನ್ನು ಮುಂದೆ ಮಂಡಳಿಯ ಫಲಿತಾಂಶವನ್ನು ಪರೀಕ್ಷೆಗೆ ಕುಳಿತವರಿಂದ ಎಣಿಸುವುದಿಲ್ಲ, ಎಂಟನೆಯ ತರಗತಿಗೆ ಸೇರಿದವರಿಂದ ಎಣಿಸಬೇಕು. ನಡುವೆ ಹೊರಗೆ ಕಳಿಸಿದ ಮಗು ಕಳಿಸಿದ ಶಾಲೆಯಲ್ಲೇ ನಪಾಸಾದಂತೆ ಎಂದ.

‘ಅನುದಾನ ಹೋಗ್ತದ. ಪ್ಯಾಟಿ ಮಂದಿ ನಿಮ್ಮನ್ನ ಉಳಿಸೂದಿಲ್ಲ’ ಎಂದರು ಸದಸ್ಯರು.

‘ಗೊತ್ತದ’ ಎಂದ ವ್ಯಾಪಾರಿ. ‘ತಪ್ಪು ನಂದು. ನಿಮ್ಮದು ಅಂತ ನಾನು ಹೇಳಾಕತ್ತಿಲ್ಲ.’

ಎರಡು ಮತಗಳ ವಿರುದ್ಧ ಮೂರು ಮತಗಳಿಂದ ಠರಾವು ಪಾಸಾಯಿತು. ಪೇಟೆ ಶಾಲೆಯ ಗೋಡೆಯ ಮೇಲಿನ ನೂರನ್ನು ಅಳಿಸಿ ಎಪ್ಪತ್ತೊಂದು ಎಂದು ಬರೆಸಿದರು. ಊರಲ್ಲಿ ಗುಲ್ಲೆದ್ದಿತು. ಚೆನ್ನಾಗಿ ಓದುವ ಮಕ್ಕಳ ತಂದೆತಾಯಂದಿರು ಅಂಗಡಿಯ ಮುಂದೆ ನಿಂತು ಬೈದರು. ಕೆಲವರು ಅವನ ಅಂಗಡಿಗೆ ಬರುವುದನ್ನೇ ಬಿಟ್ಟರು.

ಆ ವರ್ಷ ಗುಡ್ಡದ ಶಾಲೆಯಲ್ಲಿ ಹದಿನೆಂಟರಲ್ಲಿ ಎಂಟು ಮಂದಿ ಪಾಸಾದರು. ಹಿಂದಿನ ವರ್ಷಕ್ಕಿಂತ ಹೆಚ್ಚು, ಅರ್ಧಕ್ಕಿಂತ ಒಂದು ಕಡಿಮೆ. ಅನುದಾನ ಕಡಿತವಾಯಿತು. ಶಿಕ್ಷಕರ ಸಂಬಳ ಮತ್ತೆ ತಡವಾಗತೊಡಗಿತು. ಪೇಟೆ ಶಾಲೆಯ ಹೊಸ ಕೋಣೆಯ ಗೋಡೆ ಕಿಟಕಿಯ ಮಟ್ಟಕ್ಕೆ ನಿಂತುಹೋಯಿತು. ಮುಂದಿನ ಚುನಾವಣೆಯಲ್ಲಿ ಜನ ವ್ಯಾಪಾರಿಯನ್ನು ಇಳಿಸಿದರು. ಅವನು ಬೀಗದ ಕೈಗಳನ್ನು ಗುಮಾಸ್ತನಿಗೆ ಒಪ್ಪಿಸಿ ಅಂಗಡಿಗೆ ಹೋಗಿ ಕುಳಿತ. ಅವನು ಮಾಡಿದ ಬೇರೆ ಎಲ್ಲವನ್ನೂ ಹೊಸಬರು ಬದಲಿಸಿದರು. ಎಣಿಸುವ ಕ್ರಮವನ್ನು ಮಾತ್ರ ಬದಲಿಸಲಾಗಲಿಲ್ಲ. ಹೊರಗೆ ಬಿದ್ದ ಮಕ್ಕಳ ಮನೆಯವರು ಅಷ್ಟು ಹೊತ್ತಿಗೆ ಎಣಿಕೆ ಕಲಿತಿದ್ದರು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಕೇಳಿದ: “ಆ ಅನುದಾನ ಮತ್ತೆ ಬಂತೇ, ಗುರುಗಳೇ?”

“ಮೂರು ವರ್ಷದ ಮೇಲೆ ಬಂತು.”

“ವ್ಯಾಪಾರಿಗೆ ಮತ್ತೆ ಅಧ್ಯಕ್ಷ ಪದವಿ ಸಿಕ್ಕಿತೇ?”

“ಇಲ್ಲ.”

ಶಿಷ್ಯ ಮತ್ತೆ ಕೇಳಿದ: “ಆ ಹದಿನಾಲ್ಕು ಮಕ್ಕಳು ಏನಾದರು?”

“ಐವರು ಆ ವರ್ಷವೇ ಪಾಸಾದರು. ಹಮಾಲನ ಮಗಳೂ ಸೇರಿ ನಾಲ್ವರು ಮರುವರ್ಷ” ಎಂದರು ಗುರುಗಳು. ಮತ್ತೆ ಹೇಳಿದರು:

“ಆದರೆ ನೀನು ಅವರ ಬಗ್ಗೆ ಕೇಳಿದ್ದು ಮೂರನೆಯದಾಗಿ.”