ಎಡಗಡೆಯ ಬಾಗಿಲು

“ಗುರುಗಳೇ, ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಆದರೆ ಹದಿನೆಂಟು ವರ್ಷದ ಸಂಸಾರದಲ್ಲಿ ನನ್ನ ಹೆಂಡತಿ ಅದರ ಬಗ್ಗೆ ದೂರಿದ್ದೇ ಇಲ್ಲ. ಯಾರಿಗೂ ತೊಂದರೆಯಾಗದ ಸಿಟ್ಟನ್ನು ಬಿಡಲೇಬೇಕೆ?”

ಹೀಗೆ ಕೇಳಿದವನು ಕೊಟ್ರೇಶ. ಮನೆ ಬಿಟ್ಟು ಮಠಕ್ಕೆ ಬಂದು ಅವನಿಗೆ ಅಂದಿಗೆ ಮೂರು ದಿನವಾಗಿತ್ತು.

“ದೂರಿದ್ದೇ ಇಲ್ಲ ಎಂದೆಯಲ್ಲ, ನನಗೂ ಅದೇ ಆಶ್ಚರ್ಯ” ಎಂದು ಗುರುಗಳು ನಕ್ಕರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಪಿಕಪ್ ಗಾಡಿಯಲ್ಲಿ ಪಾತ್ರೆ ಹೇರಿಕೊಂಡು ಊರೂರು ತಿರುಗುತ್ತಿದ್ದ. ಗಾಡಿ ಓಡಿಸುವುದು ಅವನ ಕೆಲಸ. ಎಡಗಡೆ ಕೂತ ಹೆಂಡತಿ ಪ್ರತಿ ಊರಿನಲ್ಲೂ ಇಳಿದು, ಓಣಿ ಓಣಿ ಕೂಗಿ ಬಂದು ಮತ್ತೆ ಹತ್ತುತ್ತಿದ್ದಳು. ಆ ಬಾಗಿಲಿಗೆ ದಿನಕ್ಕೆ ಇಪ್ಪತ್ತು ಸಲ ಕೆಲಸ.

ಬರಬರುತ್ತಾ ಅದರ ಬಿಜಾಗರಿ ಸವೆಯಿತು. ಬಾಗಿಲು ಎರಡು ಬೆರಳಿನಷ್ಟು ಜೋತುಬಿತ್ತು. ಸುಮ್ಮನೆ ಎಳೆದರೆ ಚಿಲಕಕ್ಕೆ ಕೂರುತ್ತಿರಲಿಲ್ಲ. ಹೆಂಡತಿ ಒಂದೆರಡು ಸಲ ಹೇಳಿದಳು. “ಮುಚ್ಚಿಕೋತೈತಲ್ಲ ಬಿಡು” ಎಂದ ವ್ಯಾಪಾರಿ. ಅವಳು ಹೇಳುವುದನ್ನು ಬಿಟ್ಟಳು. ಇಳಿದಾಗ ಭುಜ ಕೊಟ್ಟು ಎತ್ತಿ ನೂಕುವುದನ್ನು ಕಲಿತಳು, ಹತ್ತಿದಾಗ ಎರಡೂ ಕೈಯಿಂದ ಎತ್ತಿ ಎಳೆದುಕೊಳ್ಳುವುದನ್ನು ಕಲಿತಳು. ವ್ಯಾಪಾರಿಯ ಕಣ್ಣು ರಸ್ತೆಯ ಮೇಲಿರುತ್ತಿತ್ತು. ಬಾಗಿಲು ಮುಚ್ಚಿದ ಸದ್ದು ಕಿವಿಗೆ ಬಿದ್ದರೆ ಗೇರು ಹಾಕುತ್ತಿದ್ದ. ಅವನೇನು ಕೆಟ್ಟವನಲ್ಲ, ಪಾಪ. ಸದ್ದನ್ನು ನಂಬಿದವನು ಅಷ್ಟೆ.

ಒಮ್ಮೆ ಹೆಂಡತಿ ತಂಗಿಯ ಬಾಣಂತನಕ್ಕೆ ಹೋದಳು. ವ್ಯಾಪಾರಿ ಅವಳ ಸೀಟಿನ ಮೇಲೆ ಒಂದು ಮೂಟೆ ಇಟ್ಟು ಬಾಗಿಲು ಹಾಕಲು ಹೋದ. ಅದು ಮುಚ್ಚಲಿಲ್ಲ. ಜೋರಾಗಿ ಬಡಿದ, ಬೈದ, ಒದ್ದ. ಕಡೆಗೆ ಹಗ್ಗದಿಂದ ಕಟ್ಟಿಕೊಂಡು ಗಾಡಿ ರಿಪೇರಿ ಮಾಡುವ ಮೇಸ್ತ್ರಿಯ ಬಳಿ ಹೋದ.

“ನಿನ್ನೆ ತನಕ ಚಲೋ ಇತ್ತು. ಇವತ್ತು ಇದ್ದಕ್ಕಿದ್ದಂಗೆ ಕೆಟ್ಟೈತಿ” ಎಂದ.

ಮೇಸ್ತ್ರಿ ಬಿಜಾಗರಿಯ ಪಿನ್ನು ಹೊಡೆದು ತೆಗೆದ. ಕಿರುಬೆರಳಿನಷ್ಟು ದಪ್ಪ ಇರಬೇಕಾದ ಪಿನ್ನು ನಡುವೆ ಸವೆದು ಕಡ್ಡಿಯಾಗಿತ್ತು. ಅವನು ಅದನ್ನು ವ್ಯಾಪಾರಿಯ ಅಂಗೈಯಲ್ಲಿಟ್ಟ.

“ಇದು ಇವತ್ತು ಕೆಟ್ಟಿದ್ದಲ್ಲಣ್ಣ. ಐದಾರು ವರ್ಷದಿಂದ ಈ ಬಾಗಿಲಿನ ಭಾರ ಪಿನ್ನು ಹೊತ್ತಿಲ್ಲ, ಯಾರೋ ಹೊತ್ತಾರ. ಯಾರು ಅವರು?”

ಮೇಸ್ತ್ರಿ ಸವೆದ ತೂತಿಗೆ ಹಿತ್ತಾಳೆಯ ಬಳೆ ಕೂರಿಸಿ ಹೊಸ ಪಿನ್ನು ಹಾಕಿದ. ಬಾಗಿಲು ಒಂದೇ ಬೆರಳಿಗೆ ಮುಚ್ಚಿಕೊಂಡಿತು.

ತಿಂಗಳ ಮೇಲೆ ವ್ಯಾಪಾರಿ ಹೆಂಡತಿಯನ್ನು ಕರೆತರಲು ಹೋದ. ಅವಳು ಹತ್ತಿ ಕೂತು, ಎಂದಿನಂತೆ ಎರಡೂ ಕೈ ಹಾಕಿ ಬಾಗಿಲನ್ನು ಎತ್ತಿದಳು. ಅದು ಮೇಲೇಳಲಿಲ್ಲ. ತಾನೇ ಏನೋ ಮುರಿದೆನೆಂಬಂತೆ ಹೆದರಿ ಗಂಡನ ಮುಖ ನೋಡಿದಳು.

“ರಿಪೇರಿ ಮಾಡಿಸೀನಿ, ಇನ್ನು ಎತ್ತಬ್ಯಾಡ” ಎಂದ ವ್ಯಾಪಾರಿ. ಅವಳು ಹೂಂ ಎಂದಳು. ಮುಂದಿನ ಊರಿನಲ್ಲಿ ಇಳಿದವಳು ಮತ್ತೆ ಭುಜ ಕೊಟ್ಟಳು. ಅದರ ಮುಂದಿನ ಊರಿನಲ್ಲೂ ಕೊಟ್ಟಳು. ವ್ಯಾಪಾರಿ ಅಂದು ಮೊದಲ ಸಲ ರಸ್ತೆ ಬಿಟ್ಟು ಆ ಕಡೆ ನೋಡಿದ. ಅವನಿಗೆ ಅಳು ಬಂತು.

ಗುರುಗಳು ಕತೆ ನಿಲ್ಲಿಸಿದರು.

“ಅಂತೂ ಬಾಗಿಲು ಸರಿಹೋಯಿತಲ್ಲ, ಒಳ್ಳೆಯದಾಯಿತು” ಎಂದ ಕೊಟ್ರೇಶ.

“ನೀನು ಮನೆ ಬಿಟ್ಟು ಬಂದು ಮೂರು ದಿನವಾಯಿತು, ಅಲ್ಲಿ ಯಾರ ಭುಜಕ್ಕೆ ಬಿಡುವು ಸಿಕ್ಕಿದೆ, ಕೊಟ್ರೇಶ?”